ಓದುಗರ ಪ್ರಶ್ನೆ: ಎರಡು ಎಂಜಿನ್ನಿನ ಮಾದರಿ ವಿಮಾನ

ಒಂಟಿ ಮೋಟಾರಿನ ರೇಡಿಯೋ ನಿಯಂತ್ರಿತ ವಿಮಾನಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಉತ್ತರಗಳನ್ನು ಓದಿದ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಹಲವರು ಎರಡು ಎಂಜಿನ್ನಿನ ಮಾದರಿಗಳ ಕುರಿತು ಪ್ರಶ್ನೆ ಕಳಿಸಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ಎಟಿಆರ್ 72 ವಿಮಾನವನ್ನು ನೋಡಿ ನೋಡಿ ಅದರ ಮಾದರಿಯನ್ನೇ ಕಟ್ಟಬೇಕೆಂಬ ಆಸೆಯಾಗಿದೆ. ಒಂಟಿ ಮೋಟಾರಿನ ವಿಮಾನವನ್ನು ಧೈರ್ಯವಾಗಿ ಹಾರಿಸಿ ಇಳಿಸಬಲ್ಲೆ. ಎರಡು ಮೋಟಾರಿನ ನನ್ನ ಮೊದಲ ವಿಮಾನಕ್ಕೆ ಇದು ಸರಿಯಾದ ಆಯ್ಕೆಯೇ? ಮೋಟಾರು, ಬ್ಯಾಟರಿಗಳ ಲೆಕ್ಕವನ್ನೂ ತಿಳಿಸಿ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಎಟಿಆರ್ 72ರ ರೆಕ್ಕೆಯ ಹರವು ಸುಮಾರು 27 ಮೀಟರ್, ಅದನ್ನು ಹದಿನೆಂಟನೇ ಒಂದು ಭಾಗಕ್ಕೆ ಇಳಿಸಿದರೆ ಒಂದೂವರೆ ಮೀಟರ್ ಆಗುತ್ತದೆ, ಅಂದರೆ ಕಾರಿನ ಹಿಂದಿನ ಸೀಟಿನಲ್ಲಿ ಓರೆಯಾಗಿಟ್ಟು ಸಾಗಿಸಬಹುದಾದ ಗಾತ್ರ. ಅದರ ಪ್ರೊಪೆಲ್ಲರಿನ ವ್ಯಾಸ 3.93 ಮೀಟರ್ ಆದ್ದರಿಂದ ಅದೇ ಪ್ರಮಾಣದಲ್ಲಿ ಎಂಟೂವರೆ ಇಂಚಿನಷ್ಟಾಗುತ್ತದೆ. ಅಂಗಡಿಯಲ್ಲಿ ಸಿಗುವ ಎಂಟು ಇಂಚಿನದು ನೋಟಕ್ಕೂ ಕೆಲಸಕ್ಕೂ ಹೊಂದುತ್ತದೆ. ಇಲ್ಲಿಯವರೆಗೆ ಎಲ್ಲವೂ ಅನುಕೂಲವಾಗಿಯೇ ಕಾಣುತ್ತದೆ. ತೊಡಕು ಇರುವುದು ರೆಕ್ಕೆಯ ವಿಸ್ತೀರ್ಣದಲ್ಲಿ. ನಿಜವಾದ ವಿಮಾನದ ರೆಕ್ಕೆ 61 ಚದರ ಮೀಟರ್ ಇದ್ದು, ಮಾದರಿಯಲ್ಲಿ ಅದು 19 ಚದರ ಡೆಸಿಮೀಟರನ್ನೂ ಮುಟ್ಟುವುದಿಲ್ಲ. ಎಷ್ಟೇ ಜಿಪುಣತನದಿಂದ ಕಟ್ಟಿದರೂ ಮಾದರಿಯ ತೂಕ 1.2 ಕಿಲೋಗೆ ಬರುವುದರಿಂದ ಪ್ರತಿ ಚದರ ಡೆಸಿಮೀಟರ್ ಸುಮಾರು 64 ಗ್ರಾಂ ಹೊರಬೇಕಾಗುತ್ತದೆ. ಅಂತಹ ವಿಮಾನ ಗಂಟೆಗೆ ಸುಮಾರು 38 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಗಾಳಿಯಲ್ಲಿ ನಿಲ್ಲಲಾರದು. ಮೇಲಾಗಿ ಎಟಿಆರ್ ರೆಕ್ಕೆ ಉದ್ದ ಮತ್ತು ಕಿರಿದು. ಮಾದರಿಯ ಗಾತ್ರದಲ್ಲಿ ತುದಿಯ ಅಗಲ ಅಂಗೈಗಿಂತಲೂ ಕಡಿಮೆಯಾಗುವುದರಿಂದ, ವೇಗ ತಗ್ಗಿದಾಗ ತುದಿಯೇ ಮೊದಲು ಎತ್ತುಬಲ ಕಳೆದುಕೊಂಡು ವಿಮಾನ ಮಗ್ಗುಲಿಗೆ ಉರುಳುತ್ತದೆ.

ಆದ್ದರಿಂದ ಎಟಿಆರ್ ಎರಡನೆಯದಾಗಲಿ. ಮೊದಲು ಒಂದೂವರೆ ಮೀಟರ್ ಹರವು, ಬುಡದಿಂದ ತುದಿಯವರೆಗೂ 22 ಸೆಂಟಿಮೀಟರ್ ಅಗಲದ, ಮೇಲ್ಭಾಗದಲ್ಲಿ ಕೂರುವ ಸಾದಾ ರೆಕ್ಕೆಯೊಂದನ್ನು ಡೆಪ್ರಾನ್ ಎಂಬ ಫೋಮ್ ಹಾಳೆಯಲ್ಲೋ ಹಗುರವಾದ ಬಾಲ್ಸಾ ಮರದಲ್ಲೋ ಕಟ್ಟಿರಿ. ವಿಸ್ತೀರ್ಣ 33 ಚದರ ಡೆಸಿಮೀಟರ್ ಆಗುವುದರಿಂದ 1.3 ಕಿಲೋ ತೂಕ ಬಂದರೂ ಪ್ರತಿ ಚದರ ಡೆಸಿಮೀಟರಿನ ಭಾರ 40 ಗ್ರಾಮಿನ ಒಳಗೇ ಉಳಿಯುತ್ತದೆ. ಇದು ನೋಡಲು ಚಂದವಿರುವುದಿಲ್ಲ ಎಂಬುದು ನಿಜ. ಆದರೆ ಎರಡು ಮೋಟಾರಿನ ಪಾಠವನ್ನೆಲ್ಲ ಇದರಲ್ಲೇ ಕಲಿತು, ಅವೇ ಮೋಟಾರುಗಳನ್ನು ಮುಂದೆ ಎಟಿಆರ್‌ಗೆ ವರ್ಗಾಯಿಸಿಕೊಳ್ಳಬಹುದು. ಆಗಲೂ ರೆಕ್ಕೆಯ ಅಗಲವನ್ನು ನಕ್ಷೆಗಿಂತ ಶೇಕಡ 15ರಷ್ಟು ಹೆಚ್ಚಿಸಿ, ತುದಿಗಳ ಮುಂಚೂಣಿಯನ್ನು ಎರಡು ಮೂರು ಡಿಗ್ರಿ ಕೆಳಮುಖವಾಗಿ ತಿರುಚಿರಿ. ನೆಲದಿಂದ ನೋಡುವವರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಶಕ್ತಿಯ ಲೆಕ್ಕ ಸುಲಭ. ಇಂತಹ ವಿಮಾನಕ್ಕೆ ಕಿಲೋಗೆ 200 ವಾಟ್ ಎಂದು ಹಿಡಿದರೆ 1.3 ಕಿಲೋಗೆ 260 ವಾಟ್, ಅಂದರೆ ಮೋಟಾರಿಗೆ 130 ವಾಟ್. ಮೂರು ಕೋಶದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ 11.1 ವೋಲ್ಟಿನಲ್ಲಿ ಪ್ರತಿ ಮೋಟಾರು 12 ಆಂಪಿಯರ್ ಎಳೆಯುತ್ತದೆ. 2212 ಗಾತ್ರದ, 1000 ಕೆವಿಯ (ಅಂದರೆ ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತಿನ) ಮೋಟಾರಿಗೆ ಎಂಟು ಅಥವಾ ಒಂಬತ್ತು ಇಂಚಿನ ಪ್ರೊಪೆಲ್ಲರ್ ಹಾಕಿದರೆ ಇದು ಸಾಧ್ಯವಾಗುತ್ತದೆ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ, ಪ್ರತಿ ಮೋಟಾರಿಗೊಂದು) 20 ಆಂಪಿಯರಿನದು ಸಾಕು, 30ರದು ನಿಶ್ಚಿಂತೆ. 2200 ಎಂಎಎಚ್ ಬ್ಯಾಟರಿ ಪೂರ್ಣ ಥ್ರಾಟಲಿನಲ್ಲಿ, ಅಂದರೆ ಮೋಟಾರುಗಳಿಗೆ ಪೂರ್ತಿ ಶಕ್ತಿ ಕೊಟ್ಟಾಗ, ಐದೂವರೆ ನಿಮಿಷವಷ್ಟೇ ಬರುತ್ತದೆ. ಅರ್ಧ ವಿದ್ಯುತ್ತಿನಲ್ಲಿ ಹಾರಿಸಿ ಶೇಕಡ 20ರಷ್ಟು ಉಳಿಸಿಕೊಳ್ಳುವುದಾದರೆ ಎಂಟು ನಿಮಿಷ ಸಿಗುತ್ತದೆ. ಟ್ರಾನ್ಸ್‌ಮಿಟರಿನ ಟೈಮರನ್ನು ಆರು ನಿಮಿಷಕ್ಕೆ ಇಡಿರಿ.

ಮೋಟಾರನ್ನು ಒಡಲಿಗೆ ಎಷ್ಟು ಹತ್ತಿರ ತರಲಾಗುತ್ತದೋ ಅಷ್ಟು ಹತ್ತಿರ ತನ್ನಿ. ಒಂಬತ್ತು ಇಂಚಿನ ಪ್ರೊಪೆಲ್ಲರಿನ ಅರ್ಧ 11.4 ಸೆಂಟಿಮೀಟರ್, ಒಡಲಿನ ಅರ್ಧ ಅಗಲ 5, ನಡುವಿನ ತೆರಪು 2.5, ಒಟ್ಟು 19 ಸೆಂಟಿಮೀಟರ್ ದೂರದಲ್ಲಿ ಮೋಟಾರಿನ ನಡು ಇರಬಹುದು. ನೋಟಕ್ಕೆಂದು ಇದನ್ನು 30ಕ್ಕೆ ಒಯ್ದರೆ, ಒಂದು ಮೋಟಾರು ಕೈಕೊಟ್ಟ ದಿನ ಅದರ ಬೆಲೆ ತೆರಬೇಕಾಗುತ್ತದೆ. ಎರಡೂ ಮೋಟಾರುಗಳನ್ನು ಎರಡು ಡಿಗ್ರಿಯಷ್ಟು ಹೊರಮುಖವಾಗಿ ಕೂರಿಸಿದರೆ ಒಂಟಿಯಾಗಿ ಉಳಿದ ಮೋಟಾರಿನ ಎಳೆತದ ರೇಖೆ ಗುರುತ್ವ ಕೇಂದ್ರಕ್ಕೆ ಹತ್ತಿರವಾಗುತ್ತದೆ. ಈ ಗುರುತ್ವ ಕೇಂದ್ರವನ್ನು ರೆಕ್ಕೆಯ ಮುಂಚೂಣಿಯಿಂದ ಅಗಲದ ಶೇಕಡ 25ರಿಂದ 28ರ ನಡುವೆ ಇರಿಸಿಕೊಳ್ಳಿ.

ಪ್ರಶ್ನೆ: ನನ್ನ 1.4 ಮೀಟರಿನ ಅವಳಿ ಮೋಟಾರಿನ ವಿಮಾನ ಹುಲ್ಲಿನ ಮೇಲೆ ಓಡಿ ಚೆನ್ನಾಗಿಯೇ ಮೇಲೆದ್ದಿತು. ಎರಡಾಳು ಎತ್ತರ ಏರುವಷ್ಟರಲ್ಲಿ ಮೂತಿ ಎಡಕ್ಕೆ ತಿರುಗಿತು. ಏಲಿರಾನನ್ನು (ವಿಮಾನವನ್ನು ಮಗ್ಗುಲಿಗೆ ಬಾಗಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಪೂರ್ತಿ ಬಲಕ್ಕೆ ಕೊಟ್ಟರೂ ಕೇಳದೆ ಎಡ ರೆಕ್ಕೆ ಮಗುಚಿ ಬಿದ್ದಿತು. ವಿಚಿತ್ರವೆಂದರೆ, ಬಿದ್ದ ಮೇಲೆ ನೋಡಿದರೆ ಎರಡೂ ಮೋಟಾರುಗಳು ಸರಿಯಾಗಿ ತಿರುಗುತ್ತವೆ. ರೇಡಿಯೋ ತೊಂದರೆಯಿರಬಹುದೇ?
— ಶ್ರೀರಂಗಪಟ್ಟಣದ ಓದುಗರು

ಉತ್ತರ: ರೇಡಿಯೋವನ್ನು ದೂರುವ ಮೊದಲು ಎಡ ಮೋಟಾರಿನ ಕಡೆ ನೋಡಬೇಕು. ನೀವು ವಿವರಿಸಿರುವುದು ಎಡ ಮೋಟಾರು ಒಂದೆರಡು ಕ್ಷಣ ನಿಂತುಹೋದಾಗ ಅಥವಾ ಸೊರಗಿದಾಗ ಆಗುವ ಘಟನೆಯ ಚಿತ್ರವೇ ಆಗಿದೆ. ಎರಡು ಎಂಜಿನ್ ಇದ್ದರೆ ಸುರಕ್ಷತೆ ಇಮ್ಮಡಿಯಾಗುತ್ತದೆ ಎಂಬ ನಂಬಿಕೆ ಹೊಸಬರಲ್ಲಿ ವ್ಯಾಪಕವಾಗಿದೆ. ಕೆಡಬಹುದಾದ ವಸ್ತುಗಳು ಎರಡರಷ್ಟಾಗುವುದರಿಂದ ಇಮ್ಮಡಿಯಾಗುವುದು ಕೆಡುವ ಸಂಭವ. ಒಂದು ಕೆಟ್ಟರೆ ಉಳಿದದ್ದು ವಿಮಾನವನ್ನು ಕಾಪಾಡುವ ಬದಲು ತಿರುಗಿಸಿ ಕೆಡವುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಜೋಡಿಯಲ್ಲಾದರೂ ಇಬ್ಬರೂ ಎಳೆಯುತ್ತಿರುತ್ತಾರೆ. ಇಲ್ಲಿ ಒಬ್ಬನು ನೊಗದಲ್ಲೇ ಮಲಗಿರುತ್ತಾನೆ.

ಅಂಕಿಗಳಲ್ಲಿ ನೋಡೋಣ. ಬಲ ಮೋಟಾರು ಒಡಲಿನ ನಡುಗೆರೆಯಿಂದ 19 ಸೆಂಟಿಮೀಟರ್ ದೂರದಲ್ಲಿದ್ದು 700 ಗ್ರಾಂ ಬಲದಿಂದ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ. ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡ್ಡರ್ ಗುರುತ್ವ ಕೇಂದ್ರದಿಂದ 70 ಸೆಂಟಿಮೀಟರ್ ಹಿಂದಿದ್ದರೆ, ಆ ತಿರುಚನ್ನು ತಡೆಯಲು ಅದು 190 ಗ್ರಾಂ ಅಡ್ಡಬಲ ಹುಟ್ಟಿಸಬೇಕು. ರಡ್ಡರಿನ ಬಲ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಪ್ರೊಪೆಲ್ಲರಿನ ಎಳೆತವಾದರೋ ಕಡಿಮೆ ವೇಗದಲ್ಲಿಯೇ ಅತಿ ಹೆಚ್ಚು. ನೆಲ ಬಿಟ್ಟ ಕೂಡಲೆ ಮೂತಿ ಎತ್ತಿ ಏರಿಸುವಾಗ ಈ ಎರಡು ಪ್ರತಿಕೂಲಗಳೂ ಒಟ್ಟಿಗೆ ಕೂಡಿಕೊಳ್ಳುತ್ತವೆ. ಒಂದೇ ಎಂಜಿನ್ನಿನಲ್ಲಿ ವಿಮಾನವನ್ನು ನೇರವಾಗಿ ಹಿಡಿಯಲು ಬೇಕಾದ ಕನಿಷ್ಠ ವೇಗವೊಂದಿರುತ್ತದೆ. ದೊಡ್ಡ ವಿಮಾನಗಳ ಚಾಲಕರು ಅದನ್ನು ತಮ್ಮ ವಿಮಾನಕ್ಕೆ ತಕ್ಕಂತೆ ಕಂಠಪಾಠ ಮಾಡಿಕೊಂಡಿರುತ್ತಾರೆ. ನಮ್ಮ ಮಾದರಿಗಳಿಗೂ ಅದು ಅನ್ವಯಿಸುತ್ತದೆ, ನಮಗೆ ವೇಗಮಾಪಕವಿಲ್ಲ ಅಷ್ಟೆ.

ನೀವು ಬಲಕ್ಕೆ ಕೊಟ್ಟ ಏಲಿರಾನ್ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಿದೆ. ಆಗ ಎಡ ರೆಕ್ಕೆಯ ಏಲಿರಾನ್ ಕೆಳಕ್ಕೆ ಬಾಗುತ್ತದೆ. ಪ್ರೊಪೆಲ್ಲರಿನ ಗಾಳಿಯನ್ನು ಆಗಲೇ ಕಳೆದುಕೊಂಡಿದ್ದ ಆ ರೆಕ್ಕೆ ಎತ್ತುಬಲದ ಕೊನೆಯಂಚಿನಲ್ಲಿತ್ತು. ಏಲಿರಾನಿನ ಬಾಗು ಅದನ್ನು ಆ ಅಂಚಿನಾಚೆಗೆ ತಳ್ಳಿತು, ಹಿಂದಕ್ಕೆಳೆಯುವ ಗಾಳಿಯ ತಡೆಯನ್ನೂ ಹೆಚ್ಚಿಸಿತು. ಇಂತಹ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ ಥ್ರಾಟಲನ್ನು ಪೂರ್ತಿ ಇಳಿಸುವುದು. ಕೈ ಇದಕ್ಕೆ ಒಪ್ಪುವುದಿಲ್ಲ, ಏಕೆಂದರೆ ಬೀಳುವ ವಿಮಾನಕ್ಕೆ ಶಕ್ತಿ ಕೊಡಬೇಕೆಂದೇ ಒಂಟಿ ಮೋಟಾರಿನಲ್ಲಿ ಕಲಿತಿರುತ್ತೇವೆ. ಆದರೂ ಥ್ರಾಟಲ್ ಇಳಿಸಿ, ಮೂತಿ ಬಗ್ಗಿಸಿ, ತಿರುಗುವ ದಿಕ್ಕಿಗೆ ಎದುರಾಗಿ ರಡ್ಡರ್ ಕೊಟ್ಟು, ಮುಂದೆ ಏನು ಸಿಕ್ಕುತ್ತದೋ ಅಲ್ಲಿಗೇ ನೇರವಾಗಿ ಇಳಿಸಬೇಕು. ಗದ್ದೆಯಲ್ಲಿ ಇಳಿದ ವಿಮಾನದ ಚಕ್ರ ಮುರಿಯಬಹುದು, ತಲೆಕೆಳಗಾಗಿ ಬಿದ್ದದ್ದರ ರೆಕ್ಕೆ ಒಡಲು ಎರಡೂ ಹೋಗುತ್ತವೆ.

ಇನ್ನು ಆ ಮೋಟಾರು ನಿಂತದ್ದೇಕೆ? ನನಗೆ ಮೂರು ಅನುಮಾನಗಳಿವೆ. ಥ್ರಾಟಲನ್ನು ಒಮ್ಮೆಲೆ ತಳ್ಳಿದಾಗ ಕೆಲವು ಇಎಸ್‌ಸಿಗಳು ಮೋಟಾರಿನ ತಾಳ ತಪ್ಪಿ ಕಿರ್ರನೆ ಸದ್ದು ಮಾಡಿ ಒಂದು ಕ್ಷಣ ಬಿಟ್ಟುಬಿಡುತ್ತವೆ. ಮೋಟಾರಿನ ಮೂರು ವೈರುಗಳಲ್ಲಿ ಒಂದರ ಬೆಸುಗೆ ಮಂಕಾಗಿದ್ದರೆ, ಅಂದರೆ ಹೊಳಪಿಲ್ಲದೆ ಕಾಳುಕಾಳಾಗಿದ್ದರೆ, ಅದು ನೆಲದ ಮೇಲೆ ಕೆಲಸ ಮಾಡಿ ಕಂಪನದಲ್ಲಿ ಕೈಬಿಡುತ್ತದೆ. ಮೂರನೆಯದು ಇಎಸ್‌ಸಿಯ ಕಡಿಮೆ ವೋಲ್ಟೇಜಿನ ತಡೆ. ಬ್ಯಾಟರಿ ಹಳೆಯದಾಗಿದ್ದು ಪೂರ್ಣ ಥ್ರಾಟಲಿನಲ್ಲಿ ವೋಲ್ಟೇಜು ಕುಸಿದರೆ ಎರಡು ಇಎಸ್‌ಸಿಗಳಲ್ಲಿ ಒಂದು ಇನ್ನೊಂದಕ್ಕಿಂತ ಮೊದಲೇ ಮೋಟಾರನ್ನು ಕಡಿದುಹಾಕುತ್ತದೆ. ಇದರ ಸೆಟ್ಟಿಂಗನ್ನು ಎರಡರಲ್ಲೂ ಒಂದೇ ಮಾಡಿ, ಒಮ್ಮೆಲೆ ನಿಲ್ಲಿಸುವ ಬದಲು ನಿಧಾನವಾಗಿ ಶಕ್ತಿ ಇಳಿಸುವ ಆಯ್ಕೆಯನ್ನು ಆರಿಸಿರಿ. ದುರಸ್ತಿಯಾದ ಮೇಲೆ ಒಬ್ಬರಿಂದ ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿಸಿಕೊಂಡು, ಥ್ರಾಟಲನ್ನು ತಳದಿಂದ ತುದಿಗೆ ಹಲವು ಬಾರಿ ತಟ್ಟನೆ ತಳ್ಳಿ, ನಡುನಡುವೆ ವೈರುಗಳನ್ನು ಮರದ ಕಡ್ಡಿಯಿಂದ ಅಲುಗಿಸಿ ಕೇಳಿರಿ. ಈ ಪರೀಕ್ಷೆ ನೆಲದಲ್ಲಿ ಮಾತ್ರ. ಹಾರಿಸುವಾಗ ಥ್ರಾಟಲನ್ನು ಎರಡು ಮೂರು ಸೆಕೆಂಡು ತೆಗೆದುಕೊಂಡು ಏರಿಸಿರಿ, ನೆಲ ಬಿಟ್ಟ ಮೇಲೂ ವೇಗ ಕೂಡುವವರೆಗೆ ಮಟ್ಟವಾಗಿಯೇ ಓಡಿಸಿರಿ.

ಪ್ರಶ್ನೆ: ಎರಡು ಇಎಸ್‌ಸಿಗಳನ್ನು ರಿಸೀವರಿಗೆ ಜೋಡಿಸುವಾಗ ಒಂದರ ಕೆಂಪು ವೈರನ್ನು ತೆಗೆಯಬೇಕೆಂದು ಸ್ನೇಹಿತರು ಹೇಳುತ್ತಾರೆ. ಏಕೆ? ಇಎಸ್‌ಸಿಯನ್ನು ರೆಕ್ಕೆಯಲ್ಲಿ ಇಡಬೇಕೇ, ಒಡಲಿನಲ್ಲಿ ಇಡಬೇಕೇ?
— ವಿಜಯನಗರ, ಮೈಸೂರು

ಉತ್ತರ: ಸ್ನೇಹಿತರ ಮಾತು ಸರಿ. ಇಎಸ್‌ಸಿಯ ಒಳಗೆ ರಿಸೀವರು ಮತ್ತು ರಡ್ಡರ್, ಏಲಿರಾನುಗಳನ್ನು ಅಲುಗಿಸುವ ಸರ್ವೋಗಳಿಗೆ ಐದು ವೋಲ್ಟ್ ಕೊಡುವ ಬಿಇಸಿ ಎಂಬ ಭಾಗವಿರುತ್ತದೆ. ಎರಡು ಬಿಇಸಿಗಳ ವೋಲ್ಟೇಜು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಹೆಚ್ಚಿನದು ಸರ್ವೋಗಳ ಭಾರವನ್ನೆಲ್ಲ ಹೊತ್ತು ಕಾಯುತ್ತದೆ. ಹೀಗಾಗಿ ಒಂದರ ಪ್ಲಗ್ಗಿನಿಂದ ಕೆಂಪು ವೈರಿನ ಪಿನ್ನನ್ನು ಹೊರಗೆಳೆದು, ಕತ್ತರಿಸದೆ ಹಿಂದಕ್ಕೆ ಮಡಿಸಿ, ಅದರ ಮೇಲೆ ಹೀಟ್‌ಶ್ರಿಂಕ್ ಕೊಳವೆ ಏರಿಸಿರಿ. ಕಪ್ಪು ಅಥವಾ ಕಂದು ವೈರನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಇನ್ನೂ ಒಳ್ಳೆಯದೆಂದರೆ ಎರಡರ ಕೆಂಪು ವೈರನ್ನೂ ತೆಗೆದು, ಅದೇ ಕೆಲಸ ಮಾಡುವ ಪ್ರತ್ಯೇಕ ಯುಬಿಇಸಿಯೊಂದನ್ನು ಹಾಕುವುದು. ಆಗ ಒಂದು ಇಎಸ್‌ಸಿ ಸುಟ್ಟುಹೋದರೂ ರಿಸೀವರಿಗೆ ವಿದ್ಯುತ್ತು ತಪ್ಪುವುದಿಲ್ಲ.

ಇಎಸ್‌ಸಿಯನ್ನು ಒಡಲಿನಲ್ಲಿಟ್ಟು ಮೋಟಾರಿನ ಮೂರು ವೈರುಗಳನ್ನು ಉದ್ದಮಾಡಿಕೊಳ್ಳುವುದು ಸಾಮಾನ್ಯವಾಗಿ ಕ್ಷೇಮ. ಬ್ಯಾಟರಿ ಕಡೆಯ ವೈರು ಉದ್ದವಾದಷ್ಟೂ ವೋಲ್ಟೇಜಿನ ಏರಿಳಿತ ತೀಕ್ಷ್ಣವಾಗಿ ಇಎಸ್‌ಸಿಯ ಕೆಪಾಸಿಟರುಗಳು ಬೇಗ ಸಾಯುತ್ತವೆ. ತಂಪಾಗಲೆಂದು ಎಂಜಿನ್ ಗೂಡಿನಲ್ಲೇ ಇಡುವುದಾದರೆ ಬ್ಯಾಟರಿಯ ಎರಡು ವೈರುಗಳನ್ನು ಒಂದಕ್ಕೊಂದು ಹುರಿಮಾಡಿ ಎಳೆದು, ಇಎಸ್‌ಸಿಯ ಬಳಿ ಹೆಚ್ಚುವರಿ ಕೆಪಾಸಿಟರ್ ಬೆಸೆಯಿರಿ.

ಥ್ರಾಟಲ್ ಸಂಕೇತಕ್ಕೆ ವೈ ಆಕಾರದ ವೈರು ಸಾಕಾಗುತ್ತದೆಯಾದರೂ, ರಿಸೀವರಿನಲ್ಲಿ ಚಾನೆಲ್ ಮಿಕ್ಕಿದ್ದರೆ ಎರಡು ಚಾನೆಲ್ ಬಳಸಿರಿ. ಆಗ ರಡ್ಡರ್ ಜೊತೆಗೆ ಮೋಟಾರುಗಳ ವೇಗದಲ್ಲೂ ವ್ಯತ್ಯಾಸ ಮಾಡಿ ನೆಲದ ಮೇಲೆ ಚುರುಕಾಗಿ ತಿರುಗಿಸಬಹುದು. ರಡ್ಡರ್ ಎಡಕ್ಕೆ ಕೊಟ್ಟಾಗ ಬಲ ಮೋಟಾರು ಜೋರಾಗಬೇಕು ಎಂಬುದನ್ನು ಪ್ರೊಪೆಲ್ಲರ್ ಬಿಚ್ಚಿಟ್ಟು ಪರೀಕ್ಷಿಸಿರಿ. ಈ ಮಿಶ್ರಣವನ್ನು ಒಂದು ಸ್ವಿಚ್ಚಿಗೆ ಕೊಟ್ಟು, ಮೊದಲ ಹಾರಾಟಗಳಲ್ಲಿ ಗಾಳಿಗೇರುವ ಮುನ್ನ ನಿಲ್ಲಿಸಿಬಿಡಿ. ಇಎಸ್‌ಸಿಗಳ ಥ್ರಾಟಲ್ ವ್ಯಾಪ್ತಿಯನ್ನು ಟ್ರಾನ್ಸ್‌ಮಿಟರಿಗೆ ಹೊಂದಿಸುವ ಕ್ರಮವನ್ನು ಎರಡಕ್ಕೂ ಮಾಡಲೇಬೇಕು. ಥ್ರಾಟಲ್ ಕಡ್ಡಿಯನ್ನು ಮೆಲ್ಲನೆ ಏರಿಸಿದಾಗ ಎರಡು ಮೋಟಾರುಗಳೂ ಒಂದೇ ಕ್ಷಣದಲ್ಲಿ ತಿರುಗಲು ತೊಡಗಿದರೆ ಹೊಂದಿಕೆ ಸರಿಯಾಗಿದೆ ಎಂದು ತಿಳಿಯಬಹುದು.

ಪ್ರಶ್ನೆ: ಎರಡು ಪ್ರೊಪೆಲ್ಲರುಗಳು ವಿರುದ್ಧ ದಿಕ್ಕಿನಲ್ಲಿ ತಿರುಗಲೇಬೇಕೇ?
— ಮದ್ದೂರು

ಉತ್ತರ: ಬೇಕೇಬೇಕೆಂದಿಲ್ಲ. ಎಟಿಆರ್‌ನಲ್ಲಿಯೂ ಎರಡನೇ ಮಹಾಯುದ್ಧದ ಮರದ ವಿಮಾನ ಮಾಸ್ಕಿಟೋದಲ್ಲಿಯೂ ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ. ವಿದ್ಯುತ್ ಮೋಟಾರಿನಲ್ಲಿ ಮೂರರಲ್ಲಿ ಯಾವುದಾದರೂ ಎರಡು ವೈರು ಅದಲುಬದಲು ಮಾಡಿದರೆ ದಿಕ್ಕು ಬದಲಾಗುವುದರಿಂದ, ಎದುರು ತಿರುವಿನ ಪ್ರೊಪೆಲ್ಲರ್ ಸಿಕ್ಕರೆ ಹಾಕಿಕೊಳ್ಳಿ. ಓಟದಲ್ಲಿ ಮೂತಿ ಒಂದೇ ಕಡೆಗೆ ಎಳೆಯುವುದು ತಪ್ಪುತ್ತದೆ. ಹಿಂದಿನಿಂದ ನೋಡಿದಾಗ ಎಡದ್ದು ಗಡಿಯಾರದ ಮುಳ್ಳಿನಂತೆಯೂ ಬಲದ್ದು ಅದಕ್ಕೆ ಎದುರಾಗಿಯೂ ತಿರುಗಲಿ. ಆಗ ಕೆಳಗಿಳಿಯುವ ಅಲಗುಗಳು ಒಡಲಿನ ಪಕ್ಕ ಬರುತ್ತವೆ. ಮೂತಿ ಎತ್ತಿದಾಗ ಹೆಚ್ಚು ಎಳೆಯುವುದು ಆ ಅಲಗುಗಳೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೆಥನಾಲ್ ಇಂಧನದಿಂದ ನಡೆಯುವ, ನಾಲ್ಕು ಸಿಸಿಯ ಎರಡು ಹಳೆಯ ಗ್ಲೋ ಎಂಜಿನ್‌ಗಳು ನನ್ನ ಬಳಿ ಇವೆ. ಸುತ್ತುಗಳನ್ನು ಅಳೆಯುವ ಟ್ಯಾಕೋಮೀಟರಿನಲ್ಲಿ ನೋಡಿ ಎರಡನ್ನೂ ಒಂದೇ ವೇಗಕ್ಕೆ ತರಲು ಹೋದರೆ ಒಂದು ಆಗಾಗ ನಿಂತುಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ತೊಂದರೆ ಹೆಚ್ಚು.
— ಮಂಡ್ಯ

ಉತ್ತರ: ಮಾನ್ಯರೇ, ಒಂದೇ ವೇಗದ ಹಟವನ್ನು ತಾವು ಬಿಡಬೇಕು. ನಿಮಿಷಕ್ಕೆ ನೂರು ಇನ್ನೂರು ಸುತ್ತುಗಳ ಅಂತರದಿಂದ ಹಾರಾಟಕ್ಕೆ ಯಾವ ಬಾಧೆಯೂ ಇಲ್ಲ. ಗುಂಯ್ ಗುಂಯ್ ಎಂಬ ಅಲೆಯಲೆಯಾದ ಸದ್ದು ಕೇಳಿಸುತ್ತದೆ, ಅಷ್ಟೆ. ದುರ್ಬಲ ಎಂಜಿನ್ನಿನ, ಇಂಧನದ ಹರಿವನ್ನು ನಿಯಂತ್ರಿಸುವ ನೀಡಲ್ ವಾಲ್ವ್ ಬಿಗಿಮಾಡಿ ಅದನ್ನು ಬಲವಾದದ್ದರ ಮಟ್ಟಕ್ಕೆ ಏರಿಸಲು ಹೋದಾಗ ಇಂಧನ ಸಾಲದೆ ಅದು ಕಾದು ನಿಲ್ಲುತ್ತದೆ. ಮಾಡಬೇಕಾದದ್ದು ಇದರ ತಿರುಗುಮುರುಗು. ಪ್ರತಿ ಎಂಜಿನ್ನನ್ನೂ ಒಂಟಿಯಾಗಿ ನಡೆಸಿ, ಗರಿಷ್ಠ ವೇಗ ಕಂಡುಕೊಂಡು, ಅಲ್ಲಿಂದ ನೀಡಲನ್ನು ಸಡಿಲಿಸಿ ಮುನ್ನೂರು ನಾನೂರು ಸುತ್ತು ಇಳಿಸಿರಿ. ಆಮೇಲೂ ಅಂತರ ಕಿವಿಗೆ ಬಾಧಿಸಿದರೆ ಬಲವಾದದ್ದನ್ನೇ ಇನ್ನಷ್ಟು ಸಡಿಲಿಸಿರಿ. ನಂತರ ಪೂರ್ಣ ಥ್ರಾಟಲಿನಲ್ಲಿ ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಡಿಸಿರಿ. ಸದ್ದು ಕೊಂಚ ಏರಿದರೆ ಸರಿ, ಕುಗ್ಗಿದರೆ ಇನ್ನೂ ಇಂಧನ ಬೇಕೆಂದು ಅರ್ಥ. ಪ್ರತಿ ಎಂಜಿನ್ನಿಗೂ ಪ್ರತ್ಯೇಕ ಟ್ಯಾಂಕಿರಲಿ, ಟ್ಯಾಂಕಿನ ನಡುಮಟ್ಟ ಕಾರ್ಬ್ಯುರೇಟರಿನ ಮಟ್ಟದಲ್ಲೋ ತುಸು ಕೆಳಗೋ ಇರಲಿ.

ಏಪ್ರಿಲಿನ ತೊಂದರೆಗೆ ಕಾರಣ ಗಾಳಿ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. 36 ಡಿಗ್ರಿ ಬಿಸಿಲಿನಲ್ಲಿ ಅಲ್ಲಿಯ ಗಾಳಿಯ ಸಾಂದ್ರತೆ, ಸಮುದ್ರಮಟ್ಟದ 15 ಡಿಗ್ರಿಯ ಪ್ರಮಾಣಿತ ಗಾಳಿಗಿಂತ ಶೇಕಡ 14ರಷ್ಟು ಕಡಿಮೆ. ಎಂಜಿನ್ನಿನ ಶಕ್ತಿ ಬಹುಮಟ್ಟಿಗೆ ಅಷ್ಟೇ ಇಳಿಯುತ್ತದೆ, ನೆಲ ಬಿಡಲು ಬೇಕಾದ ವೇಗ ಶೇಕಡ 8ರಷ್ಟು ಏರುತ್ತದೆ. ಬೆಳಗಿನ ತಂಪಿನಲ್ಲಿ ಕೂರಿಸಿದ ನೀಡಲು ಮಧ್ಯಾಹ್ನಕ್ಕೆ ಹೊಂದುವುದಿಲ್ಲವಾದ್ದರಿಂದ ಪ್ರತಿ ಹಾರಾಟಕ್ಕೂ ಮುಂಚೆ ಮೂತಿ ಎತ್ತುವ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಮೆಥನಾಲ್ ಮತ್ತು ಹರಳೆಣ್ಣೆಯನ್ನು ಮನೆಯಲ್ಲೇ ಬೆರೆಸುವುದಾದರೆ ಎಣ್ಣೆಯ ಪಾಲು ಐದರಲ್ಲೊಂದು ಇರಲಿ. ಮೆಥನಾಲ್ ವಿಷ, ಅದರ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮೊಮ್ಮಕ್ಕಳಿರುವ ಮನೆಯಾದರೆ ಡಬ್ಬಿಗೆ ಬೀಗ ಹಾಕಿಡಿ.

ಪ್ರಶ್ನೆ: ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ, ಅವಳ ತಂದೆಯೊಂದಿಗೆ ಸೇರಿ ವಿಮಾನ ಕಟ್ಟುತ್ತಿದ್ದಾಳೆ. ಹಾರಿಸಲು ಅನುಮತಿ ಬೇಕೇ? ಎಲ್ಲಿ ಹಾರಿಸಬಹುದು?
— ಗೃಹಿಣಿ, ಜೆ.ಪಿ. ನಗರ, ಮೈಸೂರು

ಉತ್ತರ: 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 250 ಗ್ರಾಮಿಗಿಂತ ಹೆಚ್ಚು, ಎರಡು ಕಿಲೋದವರೆಗಿನದು ಮೈಕ್ರೋ ವರ್ಗಕ್ಕೆ ಸೇರುತ್ತದೆ. ವ್ಯಾಪಾರದ ಉದ್ದೇಶವಿಲ್ಲದೆ ಅದನ್ನು ಹಾರಿಸುವವರಿಗೆ ಚಾಲಕರ ಪ್ರಮಾಣಪತ್ರ ಬೇಕಾಗಿಲ್ಲ. ಆದರೆ ಸ್ಥಳದ ನಿಯಮ ಕಟ್ಟುನಿಟ್ಟು. ವಿಮಾನ ನಿಲ್ದಾಣದ ಗಡಿಯಿಂದ ಎಂಟು ಕಿಲೋಮೀಟರ್ ಒಳಗೆ ನೆಲಮಟ್ಟದಿಂದಲೇ ನಿರ್ಬಂಧವಿದೆ. ಅನುಮತಿಯಿಲ್ಲದೆ ಅಲ್ಲಿ ಹಾರಿಸುವಂತಿಲ್ಲ. ಎಂಟರಿಂದ ಹನ್ನೆರಡು ಕಿಲೋಮೀಟರ್ ನಡುವೆ 200 ಅಡಿ, ಅದರಾಚೆಯ, ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿಯವರೆಗೆ ಅವಕಾಶವಿದೆ. ಮಂಡಕಳ್ಳಿ ನಿಲ್ದಾಣ ನಗರದ ದಕ್ಷಿಣಕ್ಕೇ ಇರುವುದರಿಂದ ನಿಮ್ಮ ಬಡಾವಣೆಯ ಮೈದಾನಗಳನ್ನು ಮರೆತುಬಿಡುವುದು ಒಳ್ಳೆಯದು. ಕನ್ನಂಬಾಡಿ ಅಣೆಕಟ್ಟೆಯಂತಹ ಭದ್ರತೆಯ ಸ್ಥಳಗಳ ಬಳಿಗೂ ಹೋಗಬೇಡಿ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಸ್ಥಳದ ಬಣ್ಣ ನೋಡಿಕೊಂಡೇ ಹೊರಡಿ. ವಿಮಾನದ ನೋಂದಣಿಯ ವಿಚಾರವನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಮಂಡ್ಯದ ಕಡೆ ನಂಟರಿದ್ದರೆ ಭತ್ತದ ಕೊಯ್ಲಾದ ಗದ್ದೆಬಯಲು ಚೆನ್ನಾಗಿರುತ್ತದೆ, ಜಮೀನಿನವರನ್ನು ಕೇಳಿಕೊಂಡು. ಸುತ್ತ ಕಬ್ಬಿನ ಗದ್ದೆಯಿಲ್ಲದ ಜಾಗ ಆರಿಸಿರಿ. ಆಳೆತ್ತರದ ಕಬ್ಬಿನೊಳಗೆ ಬಿದ್ದ ವಿಮಾನ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ, ಹುಡುಕುವವರ ಕೈಕಾಲನ್ನು ಗರಿಗಳು ಗೀರಿಹಾಕುತ್ತವೆ. ವಿಮಾನದಲ್ಲಿ ಪುಟ್ಟದೊಂದು ಬಜರ್ ಇದ್ದರೆ ಆ ಪಾಡು ತಪ್ಪುತ್ತದೆ.

ಪ್ರಶ್ನೆ: ಎರಡು ಮೋಟಾರಿಗೆ ಎರಡು ಬ್ಯಾಟರಿ ಒಳ್ಳೆಯದೋ, ಒಂದೇ ಸಾಕೋ?
— ಪಾಂಡವಪುರ

ಉತ್ತರ: ಒಂದೇ ಸಾಕು. ಮೋಟಾರಿಗೊಂದರಂತೆ ಬೇರೆ ಬೇರೆ ಇಟ್ಟರೆ ಒಂದು ಮೊದಲು ಖಾಲಿಯಾಗಿ, ಶ್ರೀರಂಗಪಟ್ಟಣದ ಓದುಗರಿಗೆ ಬಂದ ಸ್ಥಿತಿಯೇ ಬರುತ್ತದೆ. ಒಂದೇ ಬ್ಯಾಟರಿಯಾದರೆ ಶಕ್ತಿ ಕುಗ್ಗುವಾಗ ಎರಡೂ ಮೋಟಾರುಗಳು ಜೊತೆಯಾಗಿಯೇ ಕುಗ್ಗುತ್ತವೆ. ತೂಕ ಹಂಚಲು ಎರಡು ಬೇಕೇ ಬೇಕೆಂದರೆ, ಒಂದೇ ಸಾಮರ್ಥ್ಯದ, ಒಂದೇ ಪ್ರಾಯದ ಬ್ಯಾಟರಿಗಳೆರಡನ್ನೂ ಪೂರ್ತಿ ಚಾರ್ಜ್ ಮಾಡಿ, ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ ಸಮಾಂತರವಾಗಿ ಜೋಡಿಸಿ, ಎರಡು ಇಎಸ್‌ಸಿಗಳೂ ಆ ಒಂದೇ ಜೋಡಣೆಯಿಂದ ವಿದ್ಯುತ್ತು ಪಡೆಯುವಂತೆ ಮಾಡಿರಿ. ಜೋಡಿಸುವ ಮುನ್ನ ಎರಡರ ವೋಲ್ಟೇಜನ್ನೂ ಮಲ್ಟಿಮೀಟರಿನಲ್ಲಿ ಅಳೆಯಿರಿ. ವ್ಯತ್ಯಾಸ ಕಂಡುಬಂದರೆ ಅವನ್ನು ಆ ದಿನ ಜೋಡಿಸಬೇಡಿ.